ಎರಡನೆಯ ಸಾಲು

ಹೋಗುವಾಗ ಅವನ ಹೆಸರೇ ಹಾಡು.
ಕ್ಲೆಮೆಂಟ್, ಕ್ಲೆಮೆಂಟ್, ನಮ್ಮ ಕ್ಲೆಮೆಂಟ್,
ಕಿಟಕಿಯ ಗಾಜಿಗೆ ಮುಷ್ಟಿಯ ತಾಳ.
ಮೂವತ್ತೆಂಟು ಜನ, ಮೊಟ್ಟೆಯ ಸ್ಯಾಂಡ್‌ವಿಚ್ಚು,
ಫ್ಲಾಸ್ಕಿನ ಚಹಾಕ್ಕೆ ಯಾರೋ ಕದ್ದು ಬೆರೆಸಿದ ರಮ್ಮು.
ಹಾರ್ಡನ್‌ಶಾದ ಗಿರಣಿಗಳೆಲ್ಲ ಮುಚ್ಚಿದ ಮೇಲೆ
ನಮ್ಮೂರಿಗೆ ಉಳಿದದ್ದು
ಹನ್ನೊಂದು ಜೊತೆ ಬೂಟು
ಮತ್ತು ಶನಿವಾರ.

ಬರುವಾಗಲೂ ಅದೇ ರಾಗ.
ಪದ ಬೇರೆ.

ಎಂಬತ್ತೆಂಟನೆಯ ನಿಮಿಷಕ್ಕೆ ಸಿಕ್ಕ ಪೆನಾಲ್ಟಿಯನ್ನು
ಅವನು ಕಂಬಕ್ಕೆ ಹೊಡೆದಿದ್ದ, ಅಷ್ಟೆ.
ಶುರುಮಾಡಿದ್ದು ಕೀತ್, ನನ್ನ ತಂಗಿಯ ಗಂಡ,
ಅಮ್ಮ ಹಾಸಿಗೆ ಹಿಡಿದ ಚಳಿಗಾಲ
ವಾರಕ್ಕೆರಡು ಸಲ ಕಲ್ಲಿದ್ದಲು ಹೊತ್ತು ತಂದವನು.
ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.
ಕ್ಲೆಮೆಂಟನ ಚರ್ಮ, ಕ್ಲೆಮೆಂಟನ ತಾಯಿ,
ಒಂದು ಮರ, ಮರದ ಮೇಲೊಂದು ಪ್ರಾಣಿ.
ಪೂರ್ತಿ ಹೇಳಲಾರೆ.
ಪೂರ್ತಿ ಗೊತ್ತು.

ನಾನೂ ಹಾಡಿದೆ, ಎರಡನೆಯ ಸಾಲಿನವರೆಗೆ.
ಮೂರನೆಯದಕ್ಕೆ ನಿಲ್ಲಿಸಿದ್ದು
ಒಳ್ಳೆಯತನದಿಂದಲ್ಲ,
ಕೆಮ್ಮು ಬಂತು.

ಆಗ ಬಸ್ಸು ನಿಂತಿತು.
ಎರಡೂ ಕಡೆ ಬೋಳುಗುಡ್ಡ, ಕತ್ತಲಲ್ಲೆಲ್ಲೋ ಒಂದು ಕುರಿ.
ಡ್ರೈವರ್ ವಿಲ್ಫ್, ಇಪ್ಪತ್ತಾರು ವರ್ಷ
ಬೆನ್ನು ಬಿಟ್ಟು ಬೇರೇನೂ ನಮಗೆ ತೋರಿಸಿರದವನು,
ಇಂಜಿನ್ ಆರಿಸಿದ. ಬಾಗಿಲು ತೆರೆದ.
ತಿರುಗಲಿಲ್ಲ, ಕನ್ನಡಿಗೆ ಹೇಳಿದ:
"ಬಸ್ಸು ಎಳೀತಿಲ್ಲ. ಭಾರ ಜಾಸ್ತಿಯಾಗಿದೆ.
ಹಾಡಿದವರು ಇಳೀರಿ."

ನಕ್ಕರು. ದುಡ್ಡು ಕೊಟ್ಟಿದ್ದೀವಯ್ಯಾ ಅಂದ ಒಬ್ಬ.
ತಮಾಷೆಗಪ್ಪಾ ಅಂದ ಇನ್ನೊಬ್ಬ.
ವಿಲ್ಫ್ ತನ್ನ ಜೇಬಿನಿಂದ ಚಿಲ್ಲರೆ ತೆಗೆದು
ಸ್ಟೀರಿಂಗಿನ ಮುಂದೆ ಒಂದೊಂದೇ ಜೋಡಿಸತೊಡಗಿದ.
ತೆರೆದ ಬಾಗಿಲಿಂದ ಚಳಿ ಹತ್ತಿತು,
ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ
ಒಬ್ಬೊಬ್ಬರ ತೊಡೆಯ ಮೇಲೂ ಕೂತು ನೋಡಿತು.
ಹತ್ತು ನಿಮಿಷ. ಇಪ್ಪತ್ತು.
ನಡುವಿನ ಸೀಟಿನಿಂದ ಒಂದು ಮಗು:
"ಅಪ್ಪಾ, ನೀನು ಇಳಿಯಲ್ವಾ?"

ಕೀತ್ ಎದ್ದು ಬಾಗಿಲಿಗೊಂದು ಒದ್ದು ಇಳಿದ.
ಆಮೇಲೆ ನಾನು.
ನೀನ್ಯಾಕೆ, ಅಂದಿತು ಕನ್ನಡಿ.
ಎರಡು ಸಾಲು, ಅಂದೆ.
ಆಮೇಲೆ ಊರುಗೋಲಿನ ಮುದುಕ ಸೆಫ್ಟನ್;
ಅವನು ಬರೀ ಕಾಲಲ್ಲಿ ತಾಳ ಹಾಕಿದ್ದನಂತೆ.
ಬಾಯಿ ತೆರೆದವರು ಹದಿನಾಲ್ಕು.
ರಸ್ತೆಯ ಮೇಲೆ ಮೂವರು.
ಕೆಂಪು ದೀಪಗಳೆರಡು ತಿರುವಿನಲ್ಲಿ ಕರಗಿದವು.

ಆರು ಮೈಲಿ.
ಕ್ಲೆಮೆಂಟನಮ್ಮ ಹನ್ನೊಂದು ವರ್ಷ
ವಿಲ್ಫ್‌ನ ಬಸ್ಸಿಗೇ ಕಂಡಕ್ಟರ್ ಆಗಿದ್ದಳು, ಅಂದ ಸೆಫ್ಟನ್.
ಓ, ಅದಕ್ಕೇ, ಅಂದ ಕೀತ್.
ಅದಕ್ಕಲ್ಲ, ಅಂದ ಸೆಫ್ಟನ್.
ಮತ್ತೆ ಬರೀ ಊರುಗೋಲಿನ ಸದ್ದು.
ನಾನೇನಂದೆ ಅಂಥದ್ದು, ಕೀತ್ ಗೊಣಗುತ್ತಲೇ ಇದ್ದ,
ನಾನೇನಂದೆ.
ಹೇಳಿ ನೋಡು, ಅಂದ ಮುದುಕ,
ಇಲ್ಲಿ, ರಾಗ ಬಿಟ್ಟು, ಬರೀ ಮಾತು.
ಕೀತ್ ಬಾಯಿ ತೆರೆದ.
ಉಸಿರು ಬೆಳ್ಳಗೆ ಹೊರಬಂತು.
ಅದರ ಹಿಂದೆ ಏನೂ ಬರಲಿಲ್ಲ.

ಮುಂದಿನ ಶನಿವಾರ ಕ್ಲೆಮೆಂಟ್ ಎಡಬದಿಯಿಂದ ನುಗ್ಗಿ
ಎರಡು ಗೋಲು ಹೊಡೆದ.
ಇಡೀ ಗ್ಯಾಲರಿ ಎದ್ದಿತು, ಅದೇ ರಾಗಕ್ಕೆ, ಹಳೆಯ ಪದಕ್ಕೆ.
ಅವನು ನಮ್ಮತ್ತ ಕೈಯೆತ್ತಲಿಲ್ಲ.
ಬಗ್ಗಿ ಬೂಟಿನ ದಾರ ಬಿಗಿಯುತ್ತಿದ್ದ,
ಮೊದಲೇ ಬಿಗಿದಿದ್ದ ದಾರ.
ಯಾರು ಹೇಳಿದರೋ ಅವನಿಗೆ.
ಯಾರೂ ಹೇಳಬೇಕಿರಲಿಲ್ಲವೋ.

ಈಗಲೂ ನಾನು ವಿಲ್ಫ್‌ನ ಬಸ್ಸಿಗೇ ಹೋಗುತ್ತೇನೆ.
ಟಿಕೆಟ್ ಹರಿದು ಕೊಡುತ್ತಾನೆ, ಮುಖ ನೋಡುವುದಿಲ್ಲ.
ಹಿಂದೆ ಜಾಗ ಖಾಲಿ ಇದ್ದರೂ
ಎರಡನೆಯ ಸಾಲಿನಲ್ಲಿ ಕೂರುತ್ತೇನೆ,
ಕನ್ನಡಿಗೆ ಕಾಣುವಲ್ಲಿ.